ಅಚ್ಚಿನ ಹಾಳೆಯೂ ಬೆಳಕಿನ ಪರದೆಯೂ

ನಮ್ಮ ಹಿರಿಯರ ಓದಿಗೆ ಅಚ್ಚಿನ ಪುಸ್ತಕವೇ ಆಧಾರವಾಗಿತ್ತು. ಇಂದಿನ ಬಾಲಕರಾದರೋ ಅಂಗೈಯಗಲದ ಪರದೆಯ ಮೇಲೆ ಓದುತ್ತಾರೆ. ಇವೆರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಹಳೆಯದರ ಅಭಿಮಾನದಿಂದಾಗಲಿ ಹೊಸದರ ಮೋಹದಿಂದಾಗಲಿ ಉತ್ತರ ಹೇಳುವುದು ಉಚಿತವಲ್ಲ. ವಿದ್ಯಾರ್ಥಿ ಮಿತ್ರರೇ, ಒಂದೊಂದರ ಗುಣವನ್ನೂ ವಿಚಾರಿಸಿ ನೋಡೋಣ.

ಮೊದಲು ಪರದೆಯ ಉಪಕಾರವನ್ನು ನೆನೆಯೋಣ. ಫರ್ಡಿನೆಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು 70,000 ಶಬ್ದಗಳುಳ್ಳ ಆ ಬೃಹದ್‌ಗ್ರಂಥವು ಮುಂಬಯಿಯಂತಹ ಹೊರನಾಡಿನ ನಗರದಲ್ಲಿ ಎಷ್ಟು ಮನೆಗಳಲ್ಲಿ ದೊರೆತೀತು? ಇಂದು ಅದನ್ನು ಅಂತರ್ಜಾಲದಲ್ಲಿ ಯಾರಾದರೂ ಕಾಸು ಖರ್ಚಿಲ್ಲದೆ ತೆರೆದು ನೋಡಬಹುದು. ಕಣ್ಣು ಮಂದವಾದ ಅಜ್ಜ ಅಜ್ಜಿಯರಿಗೂ ಪರದೆ ಅನುಕೂಲವೇ. ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಆದರೆ ಅರಿತು ಓದುವ ಮಾತು ಬಂದಾಗ ತಕ್ಕಡಿ ಹಾಳೆಯ ಕಡೆಗೆ ವಾಲುತ್ತದೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟುಗೂಡಿಸಿ, 1,70,000ಕ್ಕೂ ಮಿಕ್ಕ ಓದುಗರ ಫಲಿತಾಂಶಗಳನ್ನು ವಿದ್ವಾಂಸರು 2018ರಲ್ಲಿ ಪ್ರಕಟಿಸಿದರು. ಕಥೆಗಳ ಓದಿನಲ್ಲಿ ಹಾಳೆಗೂ ಪರದೆಗೂ ಗಣ್ಯವಾದ ಅಂತರ ಕಾಣಲಿಲ್ಲ. ವಿಷಯವನ್ನು ತಿಳಿಸುವ ಬರಹಗಳನ್ನು, ಅದರಲ್ಲಿಯೂ ನಿಯತ ಕಾಲದೊಳಗೆ, ಓದಬೇಕಾದಾಗ ಹಾಳೆಯಲ್ಲಿ ಓದಿದವರೇ ಹೆಚ್ಚು ಗ್ರಹಿಸಿದ್ದರು. ಯಂತ್ರಗಳ ನಡುವೆಯೇ ಬೆಳೆದ ಹೊಸ ತಲೆಮಾರಿಗೆ ಈ ಅಂತರ ಅಳಿದುಹೋದೀತೆಂದು ಎಣಿಸುವುದು ಸಹಜ. ಆದರೆ ವರ್ಷಗಳು ಕಳೆದಂತೆ ಅದು ಕುಗ್ಗುವ ಬದಲು ಹಿಗ್ಗಿತೆಂಬುದು ಗಮನಾರ್ಹ. ಪರದೆಯನ್ನು ಮೇಲೆಮೇಲೆ ನೋಡಿ ಮುಂದೆ ಸಾಗುವ ಅಭ್ಯಾಸವೇ ಇದಕ್ಕೆ ಕಾರಣವಿರಬಹುದೆಂದು ಬಲ್ಲವರು ಊಹಿಸುತ್ತಾರೆ.

ಹೊರನಾಡ ಕನ್ನಡಿಗರಾದ ನಮಗೆ ಇನ್ನೂ ಒಂದು ಚಿಂತೆಯಿದೆ. ಇಲ್ಲಿಯ ಬೀದಿಯ ಫಲಕಗಳಲ್ಲಿ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರಗಳು ಕಾಣಸಿಗುವುದು ಅಪರೂಪ. ಮೇಜಿನ ಮೇಲಿನ ಪುಸ್ತಕವು ಮನೆಮಂದಿಯೆಲ್ಲರ ಸೊತ್ತು; ಪಕ್ಕದಲ್ಲಿ ಆಡುತ್ತಿರುವ ಮಗು ಯಾರ ಅಪ್ಪಣೆಯನ್ನೂ ಕೇಳದೆ ಅದನ್ನು ತೆರೆದೀತು. ಮೊಬೈಲಿನೊಳಗಿನ ಪುಸ್ತಕವಾದರೋ ಅದರ ಒಡೆಯನೊಬ್ಬನಿಗೇ ಗೋಚರ. ಅಜ್ಜ ಏನನ್ನು ಓದುತ್ತಿದ್ದಾರೆಂಬುದೇ ಮೊಮ್ಮಗನಿಗೆ ತಿಳಿಯದಿದ್ದರೆ, ಓದಿನ ರುಚಿ ತಲೆಮಾರಿನಿಂದ ತಲೆಮಾರಿಗೆ ಹರಿಯುವುದಾದರೂ ಹೇಗೆ?

ಆದುದರಿಂದ ಶಬ್ದಗಳನ್ನು ಹುಡುಕುವುದಕ್ಕೂ ದುರ್ಲಭ ಗ್ರಂಥಗಳನ್ನು ಪಡೆಯುವುದಕ್ಕೂ ಪರದೆಯನ್ನು ಬಳಸೋಣ. ಮನನ ಮಾಡಬೇಕಾದ ಪಾಠವನ್ನು ಹಾಳೆಯಲ್ಲಿ ಓದೋಣ. ಪರದೆಯಲ್ಲಿ ಓದುವ ಹಿರಿಯರು ದಿನಕ್ಕೊಂದು ಪುಟವನ್ನಾದರೂ ಮಕ್ಕಳ ಮುಂದೆ ಗಟ್ಟಿಯಾಗಿ ಓದಲಿ. ವರ್ಷಕ್ಕೆ ಒಂದೆರಡು ಕನ್ನಡ ಪುಸ್ತಕಗಳನ್ನು ಕೊಂಡು, ಕಿರಿಯರ ಕೈಗೆಟಕುವ ಕಪಾಟಿನಲ್ಲಿ ಇರಿಸೋಣ.