ಚದರಡಿ ದರ ನೋಡಿ ಸಹಿ ಹಾಕಬೇಡಿ
ನೊಯ್ಡಾದ ನಿಮ್ಮ ಫ್ಲ್ಯಾಟಿನ ಒಳಾಂಗಣ ಕೆಲಸಕ್ಕೆ ಬಂದಿರುವ ಮೂರು ಕೊಟೇಶನ್‌ಗಳಲ್ಲಿ ಯಾವುದು ಅಗ್ಗ ಎಂದು ಕೇಳಿದ್ದೀರಿ. ಆ ಕಾಗದಗಳಿಂದ ಅದನ್ನು ಹೇಳಲಾಗದು. ಮೂರರಲ್ಲೂ ಚದರಡಿ ದರವಿದೆ, ಹಾಕುವ ಮಾಲು ಯಾವುದೆಂಬುದಿಲ್ಲ. ‘ವಾಟರ್‌ಪ್ರೂಫ್ ಪ್ಲೈ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಸಿಂಕ್ ಕೆಳಗೆ ಮರೈನ್ ಪ್ಲೈನ ಭಾರತೀಯ ಮಾನಕವಾದ ಐಎಸ್ 710ರ ಮುದ್ರೆಯ ಹಾಳೆ ಬೇಕು. ಐಎಸ್ 303ರ ತೇವನಿರೋಧಕ ದರ್ಜೆಯದು ಹಾಕಿದರೆ ನೀರು ಕುಡಿದು ಅಂಚು ಉಬ್ಬುತ್ತದೆ. ಲ್ಯಾಮಿನೇಟ್ ಅಂಟಿಸಿದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಅಗ್ಗದ ದರ ಹುಟ್ಟುವುದೂ ಅಲ್ಲಿಯೇ. ಬ್ರಾಂಡ್, ದಪ್ಪ, ಐಎಸ್ ಸಂಖ್ಯೆ, ಜಿಎಸ್‌ಟಿ ಬರೆಸಿಕೊಂಡು ಹೋಲಿಸಿ. ಕೇಂದ್ರ ಲೋಕೋಪಯೋಗಿ ಇಲಾಖೆಯ ದೆಹಲಿ ದರಪಟ್ಟಿ ಸಾರ್ವಜನಿಕವಾಗಿದೆ. ಖಾಸಗಿ ಒಳಾಂಗಣಕ್ಕೆ ಅದು ಪೂರ್ತಿ ಒಗ್ಗದು, ಆದರೂ ಟೈಲ್ಸ್, ಪ್ಲಾಸ್ಟರಿನ ದರ ಅಳೆಯಲು ಸಾಕು.

ಇಷ್ಟು ಕೆದಕಿದರೆ ಒಳ್ಳೆಯ ಗುತ್ತಿಗೆದಾರ ಕೈಬಿಟ್ಟು ಹೋಗುತ್ತಾನೆ ಎಂಬ ನಿಮ್ಮ ಅಳುಕು ಅರ್ಥವಾಗುತ್ತದೆ. ಬರೆದುಕೊಡಲು ಹಿಂಜರಿಯುವವನು ಹೋದರೆ ನಷ್ಟವೇನು? ಮುಂಗಡ ಕೇಳುವುದು ಮಾತ್ರ ತಪ್ಪಲ್ಲ, ಮಾಲು ತರಲು ಅವನಿಗೂ ದುಡ್ಡು ಬೇಕು. ಆದರೆ ಅರ್ಧಕ್ಕರ್ಧ ಕೊಡಬೇಡಿ. ಹಂತ ಮುಗಿದಂತೆ ಕೊಡಿ. ಬಚ್ಚಲಿನಲ್ಲಿ ಟೈಲ್ಸ್ ಕೂರಿಸುವ ಮುನ್ನ 48 ಗಂಟೆ ನೀರು ನಿಲ್ಲಿಸಿ, ಕೆಳಮನೆಯ ಚಾವಣಿ ಒದ್ದೆಯಾಗದಿದ್ದರೆ ಆ ಹಂತದ ಕಂತು ಕೊಡಿ. ಇನ್ನೊಂದು, ದೆಹಲಿಯ ಸುತ್ತಮುತ್ತಲಿನವರಿಗಷ್ಟೇ ಇರುವ ತಲೆನೋವು: ಚಳಿಗಾಲದಲ್ಲಿ ಗಾಳಿ ಕೆಟ್ಟು, ವಾಯುಮಾಲಿನ್ಯ ತಡೆಯುವ ಸರ್ಕಾರಿ ಕ್ರಿಯಾಯೋಜನೆ ‘ಗ್ರ್ಯಾಪ್’ನ ಮೂರನೇ ಹಂತ ಜಾರಿಯಾದರೆ ಒಡೆಯುವ, ಟೈಲ್ಸ್ ಕತ್ತರಿಸುವ ಕೆಲಸ ನಿಲ್ಲುತ್ತದೆ. ಆ ದಿನಗಳ ಕೂಲಿ ಯಾರ ತಲೆಗೆ ಎಂಬುದನ್ನು ಕರಾರಿನಲ್ಲೇ ಬರೆಸಿ, ಅಥವಾ ದೂಳಿನ ಕೆಲಸವನ್ನು ಅಕ್ಟೋಬರ್‌ಗೆ ಮೊದಲೇ ಮುಗಿಸಿಕೊಳ್ಳಿ.