ಬೀದರ ಕೋಟೆಯ ತೋಪಿಗೆ ಬಳೆಗಳೇಕೆ?

ಕಳೆದ ವರ್ಷ ಬಗದಲ್ ಊರಿನ ವಿದ್ಯಾರ್ಥಿಯೊಬ್ಬನು ನಮ್ಮಲ್ಲಿಗೆ ಒಂದು ಪ್ರಶ್ನೆಯನ್ನು ತಂದನು. ಅವನ ಬಳಿ ಸೈನಿಕರ ಪಿಸ್ತೂಲಿನ ಆಕಾರದ, ಅಗ್ಗದ ಗಾಳಿ ಪಿಸ್ತೂಲೊಂದಿತ್ತು. ಹಿಡಿಗೆ ಹೊಸ ಮರವನ್ನು ಕೂರಿಸಿ ಬಣ್ಣ ಬಳಿದು ಅದನ್ನು ಮನೆಯಲ್ಲಿಯೇ ಅಂದಗೊಳಿಸಿದ್ದನು. ಇನ್ನು ನಳಿಗೆಯನ್ನೂ ಅರದಿಂದ ಉಜ್ಜಿ ತೆಳ್ಳಗೆ ಮಾಡಿದರೆ ನಿಜವಾದ ಪಿಸ್ತೂಲಿನಂತೆಯೇ ಕಾಣುವುದಲ್ಲವೇ ಎಂದು ಕೇಳಿದನು. ನಳಿಗೆಯ ದಪ್ಪವು ಅಂದಚಂದದ ವಿಷಯವಲ್ಲವೆಂದು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಬೀದರ ಕೋಟೆಗೆ ಕರೆದೊಯ್ದು ತೋರಿಸುವುದೇ ಲೇಸೆಂದು ನಮಗೆ ತೋರಿತು.

ಬಹಮನಿ ಸುಲ್ತಾನರು ಕಟ್ಟಿಸಿದ ಈ ಕೋಟೆಯ ಬುರುಜುಗಳ ಮೇಲೆ ಇಂದಿಗೂ ಹಳೆಯ ತೋಪುಗಳು ಉಳಿದಿವೆ. ದೂರದಿಂದ ನೋಡಿದವರಿಗೆ ಅವು ಒಂದೇ ಅಚ್ಚಿನಲ್ಲಿ ಎರೆದ ಕಂಬಗಳಂತೆ ಕಾಣುವುವು. ಹತ್ತಿರ ಹೋಗಿ ನೋಡಿದರೆ ದೊಡ್ಡ ಕಬ್ಬಿಣದ ತೋಪುಗಳ ರಚನೆಯೇ ಬೇರೆ ಎಂಬುದು ತಿಳಿಯುತ್ತದೆ. ಕಬ್ಬಿಣದ ಉದ್ದನೆಯ ಸಲಾಕೆಗಳನ್ನು ಪೀಪಾಯಿಯ ಹಲಗೆಗಳಂತೆ ಸುತ್ತಲೂ ಜೋಡಿಸಿ, ಅವುಗಳ ಮೇಲೆ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕದಲ್ಲೊಂದು ತೊಡಿಸಿ ಈ ನಳಿಗೆಗಳನ್ನು ಕಟ್ಟಿದ್ದಾರೆ. ವಿಜಯಪುರದ ಉಪ್ಪಲಿ ಬುರುಜಿನ ಮೇಲಿರುವ, ಸುಮಾರು 30 ಅಡಿ ಉದ್ದದ ತೋಪು ಇದೇ ಜಾತಿಯದು. ಅದೇ ಊರಿನ ಮಲಿಕ್-ಎ-ಮೈದಾನ್ ಮಾತ್ರ 1549ರಲ್ಲಿ ಅಹಮದನಗರದಲ್ಲಿ ಕಂಚಿನಿಂದ ಎರೆದದ್ದು. ಕಂಚಿಗೆ ತಾಮ್ರ ಮತ್ತು ತವರ ಬೇಕು. ಇವೆರಡೂ ದುಬಾರಿ ಲೋಹಗಳು. ಕಬ್ಬಿಣ ಅಗ್ಗವಾದರೂ ಆ ಕಾಲದ ಕುಲುಮೆಯಲ್ಲಿ ಅದನ್ನು ಅಷ್ಟು ಪ್ರಮಾಣದಲ್ಲಿ ಕರಗಿಸಿ ಎರೆಯುವುದು ಸಾಧ್ಯವಿರಲಿಲ್ಲ. ಆದುದರಿಂದ ಕಮ್ಮಾರನು ಚೂರುಚೂರಾಗಿ ಕಟ್ಟುವ ಮಾರ್ಗವನ್ನು ಹಿಡಿದನು.

ಬಳೆಗಳೇ ಏಕೆ ಬೇಕಾದವು? ಈಗ ಲೆಕ್ಕ ಮಾಡೋಣ.

ಒಳತ್ರಿಜ್ಯ ತ್ರಿ, ಗೋಡೆಯ ದಪ್ಪ ದ, ಉದ್ದ ಉ ಇರುವ ನಳಿಗೆಯೊಳಗೆ ಅನಿಲದ ಒತ್ತಡವು ಒ ಎಂದಿರಲಿ. ನಳಿಗೆಯನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಲು ಯತ್ನಿಸುವ ಬಲವು ಒ × 2ತ್ರಿ × ಉ. ಅದನ್ನು ತಡೆಯುವ ಲೋಹದ ಕ್ಷೇತ್ರಫಲವು ಎರಡು ಗೋಡೆಗಳದು, ಅಂದರೆ 2 × ದ × ಉ. ಆದುದರಿಂದ ಗೋಡೆಯಲ್ಲಿ ಸುತ್ತಲಿನ ದಿಕ್ಕಿಗೆ ಉಂಟಾಗುವ ಪೀಡನವು ಒ × ತ್ರಿ ÷ ದ. ನಳಿಗೆಯು ಅಡ್ಡಕ್ಕೆ ತುಂಡಾಗಬೇಕಾದರೆ, ಅಂದರೆ ಹಿಂಭಾಗವು ಕಳಚಿಹೋಗಬೇಕಾದರೆ, ಇದೇ ರೀತಿಯ ಲೆಕ್ಕದಿಂದ ಬರುವ ಪೀಡನವು ಒ × ತ್ರಿ ÷ 2ದ. ಮೊದಲಿನದರ ಅರ್ಧ ಮಾತ್ರ. ಎಂದ ಮೇಲೆ ಒಳಗಿನಿಂದ ಒತ್ತಡಕ್ಕೆ ಸಿಕ್ಕಿದ ನಳಿಗೆಯು ಮೊದಲು ಉದ್ದಕ್ಕೆ ಸೀಳುತ್ತದೆ. ಸೀಳದೆ ಎಣ್ಣೆಗೆ ಹಾಕಿದ ಹಸಿಮೆಣಸಿನಕಾಯಿ ಸಿಡಿಯುವಾಗ ಎಲ್ಲಿ ಬಾಯಿಬಿಡುತ್ತದೆಂಬುದನ್ನು ವಾಚಕರು ಅಡಿಗೆಮನೆಯಲ್ಲಿ ನೋಡಬಹುದು. ಸ್ವಲ್ಪ ದೂರದಲ್ಲಿ ನಿಂತು ನೋಡಿದರೆ ಒಳ್ಳೆಯದು.

ಬಡಿದು ಮಾಡಿದ ಕಬ್ಬಿಣದಲ್ಲಿ ಮರದಲ್ಲಿರುವಂತೆ ಎಳೆಗಳುಂಟು. ಎಳೆಯ ದಿಕ್ಕಿನಲ್ಲಿ ಎಳೆದರೆ ಬಲ ಹೆಚ್ಚು, ಅಡ್ಡಕ್ಕೆ ಎಳೆದರೆ ಕಡಮೆ. ಸಲಾಕೆಯಲ್ಲಿ ಎಳೆಯು ಉದ್ದಕ್ಕೆ ಓಡುತ್ತದೆ. ಎರಡು ಸಲಾಕೆಗಳ ನಡುವಿನ ಬೆಸುಗೆಯಂತೂ ನಂಬತಕ್ಕದ್ದಲ್ಲ. ಬಳೆಯಲ್ಲಿ ಎಳೆಯು ಸುತ್ತಲೂ ಓಡುತ್ತದೆ. ಪೀಡನ ಎರಡರಷ್ಟಿರುವ ದಿಕ್ಕಿಗೆ ಸರಿಯಾಗಿ ಲೋಹದ ಬಲವನ್ನು ಕಮ್ಮಾರನು ತಿರುಗಿಸಿದ್ದಾನೆ. ಸೂತ್ರವು ಅವನಿಗೆ ತಿಳಿದಿರಲಿಲ್ಲ. ಒಡೆದ ತೋಪುಗಳು ಅವನಿಗೆ ಪಾಠ ಕಲಿಸಿರಬೇಕು.

ಗೋಡೆಯನ್ನು ದಪ್ಪ ಮಾಡಿಬಿಟ್ಟರೆ ಸಾಲದೇ ಎಂದು ಕೇಳಬಹುದು. ಸಾಲದು. ಮೇಲಿನ ಸೂತ್ರವು ಕೊಡುವುದು ಸರಾಸರಿಯನ್ನು ಮಾತ್ರ. ದಪ್ಪ ಗೋಡೆಯಲ್ಲಿ ಒಳಪದರವೇ ಹೆಚ್ಚು ಭಾರವನ್ನು ಹೊರುತ್ತದೆ. ಹೊರತ್ರಿಜ್ಯವು ಒಳತ್ರಿಜ್ಯದ 2ರಷ್ಟಿದ್ದರೆ ಒಳಪದರದ ಪೀಡನವು ಒತ್ತಡದ 1.67ರಷ್ಟು, ಹೊರಪದರದ್ದು 0.67ರಷ್ಟು. ಹೊರತ್ರಿಜ್ಯವನ್ನು 3ರಷ್ಟಕ್ಕೆ ಏರಿಸಿ ಗೋಡೆಯ ದಪ್ಪವನ್ನು ಇಮ್ಮಡಿಗೊಳಿಸಿದರೂ ಒಳಪದರದ ಪೀಡನವು 1.25ಕ್ಕೆ ಮಾತ್ರ ಇಳಿಯುತ್ತದೆ. ಎಷ್ಟು ಲೋಹ ಸುರಿದರೂ 1ಕ್ಕಿಂತ ಕೆಳಗೆ ಇಳಿಯದು. ಹೊರಗಿನ ಲೋಹವು ಕೈಕಟ್ಟಿ ಕುಳಿತಿರುತ್ತದೆಯೆಂದರೂ ಸಲ್ಲುತ್ತದೆ.

ಕಾಯಿಸಿ ತೊಡಿಸಿದ ಬಳೆಯು ಈ ಸೋಮಾರಿತನವನ್ನು ಬಿಡಿಸುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ತೊಡಿಸುವುದನ್ನು ನೋಡಿದವರಿಗೆ ಇದು ಹೊಸತಲ್ಲ. ಒಂದು ಡಿಗ್ರಿ ಕಾವೇರಿದರೆ ಕಬ್ಬಿಣವು ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. 1 ಮೀಟರ್ ವ್ಯಾಸದ ಬಳೆಯನ್ನು 600 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿದರೆ ವ್ಯಾಸವು ಸುಮಾರು 7 ಮಿಲಿಮೀಟರ್ ಹೆಚ್ಚುತ್ತದೆ. ಆಗ ತೊಡಿಸಿ ನೀರೆರೆದರೆ ಬಳೆಯು ಕುಗ್ಗಿ ಬಿಗಿಯುತ್ತದೆ. ಕೇವಲ 100 ಡಿಗ್ರಿಯಷ್ಟರ ಕುಗ್ಗುವಿಕೆಯನ್ನು ತಡೆದು ನಿಲ್ಲಿಸಿದರೂ ಸುಮಾರು 2,400 ವಾಯುಭಾರದಷ್ಟು ಪೀಡನ ಹುಟ್ಟುತ್ತದೆ. ಮೆದು ಕಬ್ಬಿಣವು ಹಿಗ್ಗಿ ಸೋಲಲು ಅಷ್ಟು ಸಾಕು. ಹೀಗೆ ಬಿಗಿದ ಬಳೆಯು ಒಳನಳಿಗೆಯನ್ನು ಮೊದಲೇ ಅದುಮಿರುತ್ತದೆ. ಮದ್ದು ಹೊತ್ತಿದಾಗ ಆ ಅದುಮನ್ನು ಕಳೆದ ಬಳಿಕವಷ್ಟೇ ಒಳಪದರವು ಎಳೆತಕ್ಕೆ ಸಿಕ್ಕುತ್ತದೆ, ಹೊರಲೋಹವೂ ದುಡಿಯುತ್ತದೆ.

ಇದನ್ನು ಅರಿಯದೆ ಕೈಹಾಕಿದವರ ಗತಿ ಏನಾಯಿತೆಂಬುದಕ್ಕೆ ಅಮೆರಿಕದ ಯುದ್ಧನೌಕೆ ಪ್ರಿನ್ಸ್‌ಟನ್ ಸಾಕ್ಷಿ. ಅದರಲ್ಲಿ 12 ಅಂಗುಲ ಬಾಯಿಯ ಎರಡು ತೋಪುಗಳಿದ್ದವು. ಎರಿಕ್ಸನ್ ಎಂಬ ಎಂಜಿನಿಯರು ರೂಪಿಸಿದ ಮೊದಲನೆಯದು ಪರೀಕ್ಷೆಯಲ್ಲಿ ಬಿರುಕುಬಿಟ್ಟಾಗ ಅದಕ್ಕೆ ಕಾಯಿಸಿದ ಬಳೆಗಳನ್ನು ತೊಡಿಸಲಾಯಿತು. ನೌಕೆಯ ಕಪ್ತಾನ ಸ್ಟಾಕ್‌ಟನ್ನನು ಅದನ್ನು ನೋಡಿ ಎರಡನೆಯದನ್ನು ಮಾಡಿಸಿದನು. ಆಕಾರ ಅದೇ, ಗಾತ್ರ ಇನ್ನೂ ದೊಡ್ಡದು, ಆದರೆ ಬಲಕ್ಕೆ ದಪ್ಪವನ್ನೇ ನಂಬಿದ್ದನು. 1844ರ ಫೆಬ್ರವರಿ 28ರಂದು, ಗಣ್ಯರ ಸಮ್ಮುಖದಲ್ಲಿ ಹಾರಿಸುವಾಗ ಅದು ಒಡೆಯಿತು. ವಿದೇಶಾಂಗ ಕಾರ್ಯದರ್ಶಿ ಮತ್ತು ನೌಕಾ ಕಾರ್ಯದರ್ಶಿ ಸೇರಿ ಆರು ಮಂದಿ ಸತ್ತರು. ಅಧ್ಯಕ್ಷ ಟೈಲರ್ ಕೆಳಗಿನ ಅಟ್ಟದಲ್ಲಿದ್ದುದರಿಂದ ಉಳಿದುಕೊಂಡನು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರವೂ ಇದರಲ್ಲಿಯೇ ಇದೆ. ತೆಳು ನಳಿಗೆಯ ಗೋಡೆಯನ್ನು ಅರ್ಧಕ್ಕೆ ಉಜ್ಜಿದರೆ ಪೀಡನವು ಇಮ್ಮಡಿಯಾಗುತ್ತದೆ. ಅರವು ಉಳಿಸಿದ ಸಣ್ಣ ಗೀರಿನ ತುದಿಯಲ್ಲಿ ಅದು ಇನ್ನೂ ಹೆಚ್ಚು. ಆ ಗೀರು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಗಾಳಿ ಪಿಸ್ತೂಲಿನ ಒತ್ತಡ ಅಲ್ಪವೆಂಬುದು ನಿಜ. ಆದರೆ ಈ ಅಭ್ಯಾಸವು ಅಲ್ಲಿಗೇ ನಿಲ್ಲುವುದೆಂಬ ಭರವಸೆ ನಮಗಿಲ್ಲ. 1959ರ ಭಾರತೀಯ ಆಯುಧ ಅಧಿನಿಯಮದ 6ನೆಯ ಪ್ರಕರಣವು ಪರವಾನಗಿಯಿಲ್ಲದೆ ಬಂದೂಕಿನ ನಳಿಗೆಯನ್ನು ಮೊಟಕು ಮಾಡುವುದನ್ನೂ, ನಕಲಿ ಬಂದೂಕನ್ನು ನಿಜವಾದದ್ದಾಗಿ ಮಾರ್ಪಡಿಸುವುದನ್ನೂ ನಿಷೇಧಿಸಿದೆ.

ಹುಡುಗನು ಕೊನೆಗೆ ಒಂದು ದಾರವನ್ನು ತಂದು ತೋಪಿನ ಬಾಯಿಯ ಬಳಿಯೂ ಹಿಂಭಾಗದಲ್ಲಿಯೂ ಸುತ್ತಿ ಅಳೆದನು. ಹಿಂಭಾಗದ ಸುತ್ತಳತೆಯೇ ಹೆಚ್ಚು ಬಂದಿತು. ಏಕೆಂದು ನಾವು ಕೇಳುವ ಮೊದಲೇ, ಮದ್ದು ಹೊತ್ತುವುದು ಅಲ್ಲಿ, ಗುಂಡು ಮುಂದೆ ಸರಿದಂತೆ ಅನಿಲಕ್ಕೆ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ ಎಂದು ಅವನೇ ಹೇಳಿದನು.