ಹೊಲಿದ ಹಡಗು: ಒಂದು ಮಾದರಿಯ ಅಧ್ಯಯನ

ಘಟಪ್ರಭೆಯ ದಂಡೆಯ ಅನಗವಾಡಿಯವನೊಬ್ಬನು ಹಡಗಿನ ವಿಷಯವಾಗಿ ಬರೆಯಹೊರಟರೆ ಸಹಪಾಠಿ ಮಿತ್ರರು ನಗುವುದು ಸಹಜ. ಪಶ್ಚಿಮ ಸಮುದ್ರಕ್ಕೂ ನಮಗೂ ನಡುವೆ ಸಹ್ಯಾದ್ರಿಯೇ ಅಡ್ಡವಾಗಿ ನಿಂತಿದೆ. ನಮ್ಮ ಹೊಳೆಯಲ್ಲಿ ತೇಲಿಬಿಟ್ಟ ಬೆಂಡು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡಿ, ಆಲಮಟ್ಟಿಯ ಕಟ್ಟೆಯನ್ನು ದಾಟಿತೆಂದೇ ಇಟ್ಟುಕೊಂಡರೂ, ಮೂಡಲ ಸಮುದ್ರದ ದಾರಿಯನ್ನು ಹಿಡಿಯುವುದೇ ಹೊರತು ಕಾರವಾರವನ್ನು ಎಂದಿಗೂ ಕಾಣದು. ಆದರೂ ಕನ್ನಡನಾಡಿನ ನೌಕಾಬಲಕ್ಕೆ ಬಹು ಪ್ರಸಿದ್ಧವಾದ ಸಾಕ್ಷ್ಯವಿರುವುದು ಕಡಲ ತೀರದಲ್ಲಲ್ಲ. ನಮ್ಮ ಜಿಲ್ಲೆಯ ಒಂದು ಗುಡ್ಡದ ಮೇಲೆ.

ಐಹೊಳೆಯ ಮೇಗುತಿ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ರಚಿಸಿದ ಶಾಸನವಿದೆ. ಕಾಲ ಶಕವರ್ಷ ೫೫೬, ಎಂದರೆ ಕ್ರಿ.ಶ. ೬೩೪-೩೫. ಇಮ್ಮಡಿ ಪುಲಕೇಶಿಯು ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದೂ ಆ ಹಡಗುಗಳು ಮದಿಸಿದ ಆನೆಗಳ ಸಾಲಿನಂತೆ ತೋರುತ್ತಿದ್ದುವೆಂದೂ ಅದು ಹೇಳುತ್ತದೆ. ಈ ಪುರಿ ಮುಂಬಯಿಯ ಬಳಿಯ ಘಾರಾಪುರಿಯೆಂದು ಕೆಲವರು, ಕೊಂಕಣದ ರಾಜಪುರಿಯೆಂದು ಮತ್ತೆ ಕೆಲವರು ಅಭಿಪ್ರಾಯಪಡುತ್ತಾರೆ. ಆ ಚರ್ಚೆ ಇಲ್ಲಿ ಬೇಡ. ಇತಿಹಾಸದ ತರಗತಿಯಲ್ಲಿ ಈ ಸಂಗತಿಯನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಒಂದೇ ಕಡೆಗೆ ಹರಿಯುತ್ತಿತ್ತು: ಆ ಹಡಗುಗಳು ಹೇಗಿದ್ದುವು? ಕೂವೆಮರ ಎಷ್ಟು? ಹಲಗೆಗೆ ಹಲಗೆಯನ್ನು ಕೂಡಿಸಿದ್ದು ಯಾವುದರಿಂದ? ಶಾಸನ ಒಂದನ್ನೂ ಹೇಳುವುದಿಲ್ಲ. ಆನೆಯ ಉಪಮೆಯಿಂದ ಕವಿಯ ಕೆಲಸ ಮುಗಿಯಿತು. ಆದರೆ ಆನೆಯಂತಹ ಹಡಗು ಬೇಕು ಎಂದು ಬಡಿಗನಿಗೆ ಹೇಳಿದರೆ ಅವನು ಯಾವ ಮರವನ್ನು ಎಷ್ಟು ಉದ್ದಕ್ಕೆ ಕೊಯ್ಯಬೇಕು?

ಈ ಪ್ರಶ್ನೆಯನ್ನು ಬೆನ್ನಟ್ಟಿ, ಚಾಲುಕ್ಯರ ಕಾಲಕ್ಕೆ ಆದಷ್ಟು ಸಮೀಪದ ಹಡಗೊಂದರ ಮಾದರಿಯನ್ನು ಐವತ್ತರಲ್ಲಿ ಒಂದರ ಪ್ರಮಾಣದಲ್ಲಿ ಕಳೆದ ವರ್ಷ ಕಟ್ಟಿದೆನು. ಅದರಿಂದ ಕಲಿತುದನ್ನು ಇಲ್ಲಿ ಬರೆದಿದ್ದೇನೆ.

ಹಡಗಿನ ಮಾದರಿಯೆಂದರೆ ಗಾಜಿನ ಕಪಾಟಿನ ಆಟಿಕೆಯೆಂದು ಹಲವರ ಎಣಿಕೆ. ಹಿಂದೆ ಅದು ಆಟಿಕೆಯಾಗಿರಲಿಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಯುದ್ಧನೌಕೆಗಳ ಮಾದರಿಗಳನ್ನು, ಬಹುಮಟ್ಟಿಗೆ ಒಂದಡಿಗೆ ಕಾಲಂಗುಲದ ಲೆಕ್ಕದಲ್ಲಿ, ಅಂದರೆ ನಲವತ್ತೆಂಟರಲ್ಲಿ ಒಂದರಂತೆ, ಮಾಡುತ್ತಿದ್ದರು. ನಮ್ಮಲ್ಲಿಯೂ ೧೭೯೬ರಲ್ಲಿ ಟಿಪ್ಪು ಸುಲ್ತಾನನು ಹೊಸ ನೌಕಾಪಡೆಯನ್ನು ಕಟ್ಟಲು ಮಂಗಳೂರು ಮುಂತಾದ ಕಡೆಗಳಲ್ಲಿ ಏರ್ಪಾಡು ಮಾಡಿದಾಗ ಹಡಗುಗಳ ಮಾದರಿಯನ್ನು ತಾನೇ ಒದಗಿಸಿದನು. ಓದುಬರಹವಿಲ್ಲದ ಬಡಿಗನಿಗೂ ಮಾದರಿಯೇ ಆಜ್ಞಾಪತ್ರ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಆ ಯೋಜನೆ ಅಲ್ಲಿಗೇ ನಿಂತಿತು. ಹೀಗೆ ಕಟ್ಟಲಿರುವ ಹಡಗಿಗೆ ಮಾದರಿ ಮಾಡುವುದೊಂದು. ಕಣ್ಣೆದುರಿನ ಹಡಗನ್ನು ಅಳೆದು ಮಾಡುವುದು ಇನ್ನೊಂದು. ನಕ್ಷೆಯೂ ಇಲ್ಲದ, ಹಡಗೂ ಉಳಿಯದ ಕಾಲದ ಮಾದರಿ ಮಾಡುವುದು ಮೂರನೆಯದು. ನನ್ನ ಪಾಲಿಗೆ ಬಂದುದು ಇದು.

ಸಾಕ್ಷ್ಯಗಳನ್ನು ಕೂಡಿಹಾಕಿದಾಗ ಮುಖ್ಯವಾದವು ಮೂರು ದೊರೆತುವು. ಮೊದಲನೆಯದು ಅಜಂತೆಯ ಎರಡನೆಯ ಗುಹೆಯ ಚಿತ್ರ. ವಿದ್ವಾಂಸರು ಅದನ್ನು ಸುಮಾರು ಐದನೆಯ ಶತಮಾನದ ಕೊನೆಯದೆಂದೋ ಆರನೆಯ ಶತಮಾನದ್ದೆಂದೋ ಎಣಿಸುತ್ತಾರೆ. ಅದರಲ್ಲಿ ಮೂರು ಕೂವೆಮರಗಳ, ಎತ್ತರವಾದ ಹಾಯಿಗಳ ಹಡಗೊಂದಿದೆ. ಮುಂಗಡೆ ಕಣ್ಣನ್ನು ಬರೆದಿದ್ದಾರೆ. ಹಿಂಗಡೆ ಗಡಿಗೆಗಳನ್ನು ಸಾಲಾಗಿ ಇಟ್ಟಿದ್ದಾರೆ. ಚುಕ್ಕಾಣಿಯ ಬದಲು ಪಕ್ಕದಲ್ಲಿ ದೊಡ್ಡ ಹುಟ್ಟು. ಆದರೆ ಚಿತ್ರಕಾರನು ಪೂರ್ಣಾವದಾನದ ಕಥೆಯನ್ನು ಹೇಳಹೊರಟವನು, ಹಡಗಿನ ನಕ್ಷೆ ಕೊಡಹೊರಟವನಲ್ಲ. ನೀರಿನೊಳಗಿನ ಭಾಗ ಅವನಿಗೆ ಬೇಕಾಗಿರಲಿಲ್ಲ. ನಮಗೆ ಬೇಕಾದುದು ಅದೇ.

ಎರಡನೆಯ ಸಾಕ್ಷಿ ದೂರದವನು. ಆರನೆಯ ಶತಮಾನದ ಬೈಜಾಂಟಿಯಮ್ಮಿನ ಇತಿಹಾಸಕಾರ ಪ್ರೊಕೋಪಿಯಸ್, ಹಿಂದೂ ಮಹಾಸಾಗರದ ಹಡಗುಗಳಿಗೆ ಕಬ್ಬಿಣದ ಮೊಳೆಯಿಲ್ಲ, ಹಲಗೆಗಳನ್ನು ಹಗ್ಗದಿಂದ ಬಿಗಿಯುತ್ತಾರೆ ಎಂದು ಬರೆದಿದ್ದಾನೆ. ಕಡಲೊಳಗಿನ ಸೂಜಿಗಲ್ಲಿನ ಬಂಡೆಗಳು ಮೊಳೆಗಳನ್ನು ಸೆಳೆಯುತ್ತವೆಂಬ ಜನರ ಕಥೆಯನ್ನು ಅವನು ಒಪ್ಪುವುದಿಲ್ಲ. ಅದು ಸರಿಯೇ. ಆದರೆ ಅಲ್ಲಿಯ ಜನರಲ್ಲಿ ಕಬ್ಬಿಣವಿಲ್ಲವೆಂದು ಅವನು ಕೊಡುವ ಕಾರಣವನ್ನು ಓದಿದರೆ, ಗುಪ್ತರ ಕಾಲದ ದೆಹಲಿಯ ಕಬ್ಬಿಣದ ಕಂಬವನ್ನು ಬಲ್ಲ ನಮಗೆ ನಗೆ ಬರುತ್ತದೆ. ಕಬ್ಬಿಣ ಇದ್ದೂ ಹೊಲಿದರು. ಹೊಲಿದ ಹಡಗು ಬಾಗುತ್ತದೆ. ತೆರೆಯ ಪೆಟ್ಟಿಗೆ, ಮರಳಿನ ತೀರಕ್ಕೆ ಬಡಿದ ಹೊಡೆತಕ್ಕೆ ಮೈ ಕೊಟ್ಟು ಉಳಿಯುತ್ತದೆ. ಮೊಳೆ ತುಕ್ಕು ಹಿಡಿದರೆ ಸುತ್ತಲಿನ ಮರವೂ ಹಾಳು. ಹಗ್ಗ ಸವೆದರೆ ಬಿಚ್ಚಿ ಮತ್ತೆ ಹೊಲಿದರಾಯಿತು.

ಮೂರನೆಯದು ಈಚಿನದು. ಇದೇ ಅಜಂತೆಯ ಚಿತ್ರವನ್ನು ಆಧಾರವಾಗಿಟ್ಟುಕೊಂಡು ಕೇಂದ್ರ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೊವೇಶನ್ಸ್ ಎಂಬ ಸಂಸ್ಥೆ ೨೦೨೩ರ ಜುಲೈಯಲ್ಲಿ ಒಪ್ಪಂದ ಮಾಡಿಕೊಂಡು ನಿಜವಾದ ಹಡಗನ್ನೇ ಕಟ್ಟಿಸಿದುವು. ಕೇರಳದ ಕುಶಲ ಬಡಿಗರು ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದರು. ಹಡಗಿನ ಒಡಲು ನೀರಿನಲ್ಲಿ ಹೇಗೆ ವರ್ತಿಸೀತೆಂಬುದನ್ನು ಮದರಾಸಿನ ಐ.ಐ.ಟಿ.ಯಲ್ಲಿ ಮಾದರಿಯ ಮೂಲಕ ಪರೀಕ್ಷಿಸಿದರು. ೨೦೨೫ರ ಮೇ ೨೧ರಂದು ನಮ್ಮ ಕಾರವಾರದಲ್ಲಿ ಅದು ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆಯನ್ನು ಸೇರಿತು. ಹಾಯಿಯ ಮೇಲೆ ಗಂಡಭೇರುಂಡವೂ ಸೂರ್ಯನೂ ಇವೆಯೆಂದು ಓದಿ ಕನ್ನಡಿಗನಾದ ನನಗೆ ಸಂತೋಷವಾಯಿತು. ಅಜಂತೆಯ ಹಾಯಿಯಲ್ಲಿ ಗಂಡಭೇರುಂಡ ಇಲ್ಲವೆಂಬುದೂ ಆ ಕ್ಷಣವೇ ನೆನಪಾಯಿತು. ಅದೇ ವರ್ಷದ ಡಿಸೆಂಬರ್ ೨೯ರಂದು ಪೋರಬಂದರವನ್ನು ಬಿಟ್ಟು ೨೦೨೬ರ ಜನವರಿಯಲ್ಲಿ ಮಸ್ಕತ್ತನ್ನು ಮುಟ್ಟಿತು. ಅದರ ಉದ್ದ ಸುಮಾರು ಇಪ್ಪತ್ತು ಮೀಟರು, ಅಗಲ ಸುಮಾರು ಆರೂವರೆ ಮೀಟರು. ನಾನು ಅನುಸರಿಸಿದುದು ಈ ಅಳತೆಗಳನ್ನು. ಐವತ್ತರಿಂದ ಭಾಗಿಸಿದರೆ ಮಾದರಿಯ ಉದ್ದ ನಲವತ್ತು ಸೆಂಟಿಮೀಟರು, ಅಗಲ ಹದಿಮೂರು.

ಇನ್ನು ಕೆಲಸದ ವಿಷಯ. ಹಡಗಿನ ಮಾದರಿಯ ಪುಸ್ತಕಗಳೆಲ್ಲ ಬಹುತೇಕ ಯೂರೋಪಿನ ಹಡಗುಗಳಿಗಾಗಿ ಬರೆದವು. ಅವುಗಳಲ್ಲಿ ಮೊದಲು ತಳದ ಬೆನ್ನುಮರ, ಆಮೇಲೆ ಪಕ್ಕೆಲುಬಿನಂತಹ ಅಡ್ಡಮರಗಳು, ಕಡೆಗೆ ಅವುಗಳ ಮೇಲೆ ಹಲಗೆ. ಹೊಲಿದ ಹಡಗಿನಲ್ಲಿ ಈ ಕ್ರಮ ತಿರುಗುಮುರುಗು. ಬೆನ್ನುಮರದ ಎರಡು ಮಗ್ಗುಲಿಗೂ ಹಲಗೆಯ ಅಂಚಿಗೆ ಹಲಗೆಯ ಅಂಚನ್ನು ಹೊಲಿಯುತ್ತ ಮೇಲೇರಬೇಕು. ಚಿಪ್ಪು ಆಕಾರಕ್ಕೆ ಬಂದ ಬಳಿಕವೇ ಪಕ್ಕೆಲುಬುಗಳನ್ನು ಒಳಗೆ ಕೂಡಿಸುವುದು. ನಮ್ಮ ಕೃಷ್ಣಾ ತೀರದ ಹರಿಗೋಲನ್ನು ನೋಡಿದವರಿಗೆ ಈ ಭೇದ ಬೇಗ ತಿಳಿದೀತು. ಹರಿಗೋಲಿಗೆ ಮೊದಲು ಬಿದಿರಿನ ಬುಟ್ಟಿ, ಆಮೇಲೆ ಹೊರಗಿನ ತೊಗಲು. ಹೊಲಿದ ಹಡಗಿಗೆ ತೊಗಲೇ ಮೊದಲು, ಎಲುಬು ಹಿಂದಿನಿಂದ.

ಸಾಗವಾನಿಯ ಚೂರುಗಳಿಗಾಗಿ ಹೋದಾಗ ನಮ್ಮೂರ ಬಡಿಗೇರ ಅಜ್ಜನಿಗೆ ಇದನ್ನು ಹೇಳಿದೆ.

“ಒಳಗ ಎಲುವಿಲ್ಲದ ತೊಗಲು ಹೆಂಗ ನಿಂದರತೈತೋ ತಮ್ಮಾ? ಮೊದಲ ಚೌಕಟ್ಟು, ಆಮ್ಯಾಲ ಹಲಗಿ.”

“ಇಲ್ರಿ ಅಜ್ಜಾರ, ಆಗಿನ ಮಂದಿ ಹಲಗಿ ಹಲಗಿ ಹೊಲದು ಮಾಡತಿದ್ರಂತ್ರಿ.”

“ಹಂಗಾರ ಅದು ಹಡಗಲ್ಲ, ಕೌದಿ!”

ಅಜ್ಜ ಹಾಸ್ಯಕ್ಕೆ ಹೇಳಿದರೂ ಮಾತು ದಾರಿ ತೋರಿಸಿತು. ಮನೆಯಲ್ಲಿ ಕೌದಿ ಹೊಲಿಯುವವಳು ಅವ್ವ. ನೂಲಿಗೆ ಜೇನುಮೇಣ ತೀಡಿಕೊಂಡರೆ ಸಿಕ್ಕಾಗದು, ಬಿಗಿದ ಹೊಲಿಗೆ ಹಿಂದೆ ಸರಿಯದು ಎಂಬುದನ್ನು ಕಲಿಸಿದವಳು ಅವಳೇ.

ಎರಡಂಗುಲ ದಪ್ಪದ ಹಲಗೆ ಮಾದರಿಯಲ್ಲಿ ಒಂದು ಮಿಲಿಮೀಟರು. ಅಷ್ಟು ತೆಳ್ಳಗೆ ಉಜ್ಜಿದ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕಾಗದದ ರಟ್ಟಿನ ಅಚ್ಚುಗಳ ಮೇಲೆ ಬಾಗಿಸಿ ಕಟ್ಟಿ, ಒಂದು ರಾತ್ರಿ ಹಾಗೆಯೇ ಬಿಡಬೇಕು. ಬೆಳಿಗ್ಗೆ ಬಿಚ್ಚಿದರೆ ಬಾಗು ನಿಂತಿರುತ್ತದೆ. ಬಳಿಕ ಅಂಚಿನುದ್ದಕ್ಕೂ ಮೂರು ಮಿಲಿಮೀಟರಿಗೊಂದರಂತೆ ಸೂಜಿಯಿಂದ ತೂತು. ಸಂದಿಯ ಮೇಲೆ ಒಳಗಡೆ ನಾರಿನ ತೆಳುವಾದ ಮೆತ್ತೆಯನ್ನಿಟ್ಟು, ಅದನ್ನೂ ಸೇರಿಸಿ ಅಡ್ಡಡ್ಡ ಹೊಲಿಗೆ. ನೀರನ್ನು ತಡೆಯುವುದು ಹೊಲಿಗೆಯಲ್ಲ, ಹೊಲಿಗೆ ಅದುಮಿ ಹಿಡಿದ ಈ ಮೆತ್ತೆ. ಒಂದು ಸಂದಿಗೆ ಸುಮಾರು ನೂರಮೂವತ್ತು ಹೊಲಿಗೆ. ಮಗ್ಗುಲಿಗೆ ಹನ್ನೆರಡು ಸಂದಿ. ಲೆಕ್ಕ ಮೂರು ಸಾವಿರವನ್ನು ದಾಟುತ್ತದೆ. ಒಂದು ಮಗ್ಗುಲನ್ನೇ ಮೇಲಕ್ಕೆ ಕಟ್ಟುತ್ತ ಹೋದರೆ ಬೆನ್ನುಮರ ಆ ಕಡೆಗೆ ತಿರುಚುತ್ತದೆ. ಆದುದರಿಂದ ಎಡಕ್ಕೊಂದು, ಬಲಕ್ಕೊಂದು.

ಮೇಲಿನ ಲೇಪಕ್ಕೆ ನಮ್ಮ ಸೀಮೆಯ ಬೆಳೆಯೇ ಸಾಕಾಯಿತು. ಅಗಸಿಯ ಎಣ್ಣೆಯಂತೆ ಕುಸುಬಿಯ ಎಣ್ಣೆಯೂ ಗಾಳಿಗೆ ಒಣಗಿ ಪೊರೆ ಕಟ್ಟುವ ಜಾತಿಯದು. ಅದಕ್ಕೆ ರಾಳದ ಪುಡಿ ಬೆರೆಸಿ ಕಾಯಿಸಿ ಹಚ್ಚಿದರೆ ಮರಕ್ಕೆ ಕಂದುಬಣ್ಣ ಬರುತ್ತದೆ.

ಪ್ರಮಾಣದ ಮಾತು ಅಷ್ಟು ಸುಲಭವಲ್ಲ. ಉದ್ದವನ್ನು ಐವತ್ತರಿಂದ ಭಾಗಿಸಿದಾಗ ಗಾತ್ರ ಒಂದು ಲಕ್ಷ ಇಪ್ಪತ್ತೈದು ಸಾವಿರದಿಂದ ಭಾಗವಾಗುತ್ತದೆ. ಐವತ್ತು ಟನ್ನಿನ ಹಡಗಿನ ಮಾದರಿ ನಾನೂರು ಗ್ರಾಮು ತೂಗಬೇಕು. ಕಿರುಬೆರಳ ದಪ್ಪದ ಹಗ್ಗ ಇಲ್ಲಿ ಕೂದಲಿನಷ್ಟಾಗುತ್ತದೆ. ಹಾಯಿಗೆಂದು ಬನಹಟ್ಟಿಯ ಮಗ್ಗದ ನಯವಾದ ಬಟ್ಟೆಯನ್ನು ತಂದೆ. ಆದರೆ ಅದರ ಒಂದೊಂದು ಎಳೆಯೂ ನಿಜವಾದ ಹಡಗಿನಲ್ಲಿ ಹಗ್ಗದಷ್ಟು ದಪ್ಪವಾದೀತು! ನೇಕಾರನ ಕೈಯನ್ನು ಐವತ್ತರಿಂದ ಭಾಗಿಸಲಾಗದು. ಕಡೆಗೆ ತೆಳುವಾದ ಕಾಗದಕ್ಕೆ ಚಹದ ನೀರು ಹಚ್ಚಿ ಹಾಯಿ ಮಾಡಿದೆನು.

ಇದಕ್ಕಿಂತ ದೊಡ್ಡ ತೊಡಕು ಬಲಾಬಲದ್ದು. ಗೆಲಿಲಿಯೋ ೧೬೩೮ರಲ್ಲಿ ಪ್ರಕಟಿಸಿದ ಎರಡು ಹೊಸ ವಿಜ್ಞಾನಗಳ ಗ್ರಂಥವು ವೆನಿಸ್ಸಿನ ಹಡಗುಕಟ್ಟೆಯ ಮಾತಿನಿಂದಲೇ ಆರಂಭವಾಗುತ್ತದೆ. ಸಣ್ಣ ಹಡಗಿಗೆ ಬೇಡದ ಊರೆಗಳು ದೊಡ್ಡ ಹಡಗಿಗೆ ಏಕೆ ಬೇಕು? ಒಂದೇ ಆಕಾರವನ್ನು ಹಿಗ್ಗಿಸುತ್ತ ಹೋದಂತೆ ತೂಕ ಏರುವ ವೇಗದಲ್ಲಿ ಬಲ ಏರುವುದಿಲ್ಲ, ದೊಡ್ಡ ಹಡಗು ತನ್ನ ಭಾರಕ್ಕೆ ತಾನೇ ಮುರಿದೀತು ಎಂಬುದು ಉತ್ತರ. ನನ್ನ ಮಾದರಿಯನ್ನು ಹಿನ್ನೀರಿನಲ್ಲಿ ತೇಲಿಸಿದಾಗ ಅದು ಚೆನ್ನಾಗಿ ನಿಂತಿತು, ನೀರೂ ಒಳಗೆ ಬರಲಿಲ್ಲ. ಆದರೆ ಅದರಿಂದ ಇಪ್ಪತ್ತು ಮೀಟರಿನ ಹಡಗು ಕಡಲಲ್ಲಿ ಉಳಿಯುತ್ತದೆಂದು ಸಿದ್ಧವಾಗಲಿಲ್ಲ. ಚಲನೆಯ ವಿಷಯದಲ್ಲಿ ಮಾತ್ರ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ದಾರಿ ತೋರಿಸಿಕೊಟ್ಟಿದ್ದಾನೆ: ವೇಗವನ್ನು ಪ್ರಮಾಣದ ವರ್ಗಮೂಲದಿಂದ ಭಾಗಿಸಿದರೆ ಮಾದರಿ ಎಬ್ಬಿಸುವ ತೆರೆಗಳು ಹಡಗಿನ ತೆರೆಗಳ ರೂಪವನ್ನು ತಾಳುತ್ತವೆ. ಐವತ್ತರ ವರ್ಗಮೂಲ ಏಳಕ್ಕೆ ತುಸು ಹೆಚ್ಚು. ಹಡಗು ಗಂಟೆಗೆ ಏಳು ಮೈಲಿ ಹೋದರೆ ಮಾದರಿ ಒಂದು ಮೈಲಿ ಹೋಗಬೇಕು. ಹೊಲಿಗೆಯ ಗಟ್ಟಿತನಕ್ಕೆ ಮಾತ್ರ ಮಸ್ಕತ್ತಿನವರೆಗೆ ಹೋದ ಹಡಗೇ ಸಾಕ್ಷಿ.

ಕಾಲೇಜಿನ ವಸ್ತುಪ್ರದರ್ಶನಕ್ಕೆ ಮಾದರಿಯನ್ನು ಇಡುವಾಗ ಒಂದು ವಾದ ಎದ್ದಿತು. ‘ಪುಲಕೇಶಿಯ ಯುದ್ಧನೌಕೆ’ ಎಂದು ಚೀಟಿ ಬರೆಯೋಣವೆಂದು ಮಿತ್ರರ ಒತ್ತಾಯ. ನೋಡಬಂದವರಿಗೆ ಅಭಿಮಾನ ಉಕ್ಕುವುದು ನಿಜ. ಅಧ್ಯಾಪಕರೊಬ್ಬರು, “ಮೇಗುತಿಯ ಶಾಸನವಿದೆಯಲ್ಲ, ಸಂಕೋಚವೇಕೆ?” ಎಂದರು. ಶಾಸನ ಹಡಗು ಇದ್ದಿತೆಂದು ಹೇಳುತ್ತದೆ, ಹೀಗಿದ್ದಿತೆಂದು ಹೇಳುವುದಿಲ್ಲ ಎಂಬುದು ನನ್ನ ಉತ್ತರವಾಗಿತ್ತು. ಅಜಂತೆಯದು ವರ್ತಕರ ಹಡಗು. ದಂಡಿನ ಹಡಗು ಹಾಗೆಯೇ ಇರಬೇಕೆಂದೇನೂ ಇಲ್ಲ. ಚಿತ್ರಕ್ಕೂ ಪುರಿಯ ಮುತ್ತಿಗೆಗೂ ನಡುವೆ ನೂರು ವರ್ಷಕ್ಕೆ ಕಡಮೆಯಿಲ್ಲದ ಅಂತರ ಇದ್ದಿರಬಹುದು. ಪ್ರಬಂಧದಲ್ಲಾದರೆ ‘ಬಹುಶಃ’ ಎಂಬ ಒಂದು ಪದದಿಂದ ಪಾರಾಗಬಹುದಿತ್ತು. ಮರದಲ್ಲಿ ‘ಬಹುಶಃ’ ಎಂದು ಕೆತ್ತುವುದು ಹೇಗೆ? ಕೂವೆಮರ ಎರಡು ಇರಬೇಕು, ಇಲ್ಲವೆ ಮೂರು, ಎರಡೂವರೆ ಸಾಧ್ಯವಿಲ್ಲ.

ಆಮೇಲೆ ನನಗೆ ಒಂದು ಉಪಾಯ ಹೊಳೆಯಿತು. ಚಿತ್ರದಿಂದಲೋ ಬರಹದಿಂದಲೋ ಆಧಾರವುಳ್ಳ ಭಾಗಗಳಿಗೆ ಮಾತ್ರ ಎಣ್ಣೆಯ ಲೇಪ ಹಚ್ಚಿದೆನು. ಊಹೆಯಿಂದ ಮಾಡಿದುದನ್ನೆಲ್ಲ ಬಿಳಿಯ ಮರದಲ್ಲಿ ಬರಿದಾಗಿಯೇ ಉಳಿಸಿದೆನು. ಈಗ ಯಾರು ನೋಡಿದರೂ ಬಣ್ಣದಿಂದಲೇ ಗೊತ್ತಾಗುತ್ತದೆ: ಮೇಲ್ಭಾಗ, ಮೂರು ಕೂವೆಗಳು, ಕಣ್ಣು, ಗಡಿಗೆಗಳು, ಪಕ್ಕದ ಹುಟ್ಟು ಕಂದು. ಹೊಲಿಗೆ ಕಂದು, ಪ್ರೊಕೋಪಿಯಸ್ಸನ ಮಾತಿನ ಬಲದಿಂದ. ನೀರಿನೊಳಗಿನ ಒಡಲು, ಒಳಗಿನ ಪಕ್ಕೆಲುಬುಗಳು, ಅಟ್ಟದ ತೊಲೆಗಳು ಬಿಳಿ. ಹಡಗಿನ ಅರ್ಧಕ್ಕಿಂತ ಹೆಚ್ಚು ಭಾಗ ಬಿಳಿಯೇ. ಚೀಟಿಯಲ್ಲಿ ‘ಅಜಂತೆಯ ಚಿತ್ರವನ್ನು ಅನುಸರಿಸಿದ ಹೊಲಿದ ಹಡಗು, ಬಿಳಿಯ ಮರ ಊಹೆ’ ಎಂದು ಬರೆದೆವು. ಪ್ರದರ್ಶನದ ಎರಡು ದಿನವೂ ಬಂದವರು ಹೆಚ್ಚಾಗಿ ಕೇಳಿದುದು ಬಿಳಿಯ ಭಾಗದ ವಿಷಯವನ್ನೇ.

ಮಾದರಿ ಈಗ ಇತಿಹಾಸ ವಿಭಾಗದ ಕೋಣೆಯಲ್ಲಿದೆ. ಲಂಗರನ್ನು ಇನ್ನೂ ಕೂಡಿಸಿಲ್ಲ. ‘ಕೌಂಡಿನ್ಯ’ದ ಅಟ್ಟದ ಮೇಲೆ ಹರಪ್ಪದ ಮಾದರಿಯ ಕಲ್ಲಿನ ಲಂಗರನ್ನು ಸಂಕೇತವಾಗಿ ಇಟ್ಟಿದ್ದಾರೆ, ಚಾಲುಕ್ಯರ ಕಾಲಕ್ಕೆ ಅದನ್ನು ತರಲು ನನಗೆ ಮನಸ್ಸಿಲ್ಲ. ಐಹೊಳೆಯ ಕೆಂಪು ಮರಳುಗಲ್ಲಿನ ಒಂದು ಸಣ್ಣ ಚೂರನ್ನು ಮಾತ್ರ ತೂತು ಕೊರೆದು ಪಕ್ಕದಲ್ಲಿಟ್ಟಿದ್ದೇನೆ.